ಮಾಂಡಲಿಕನ ಕೈಗೆ ಬಂದ ಗದ್ದುಗೆ: ತರ್ದವಾಡಿ ಸಾವಿರ ಕಂಡ ಏಳುಬೀಳು

ರೋಮ್ ಯಾಕೆ ಬಿತ್ತು ಎಂದು ಕೇಳುವವರಿಗೆ ಉತ್ತರಗಳ ಬರ ಎಂದೂ ಬಂದಿಲ್ಲ. ಜರ್ಮನಿಯ ಇತಿಹಾಸಕಾರ ಅಲೆಕ್ಸಾಂಡರ್ ಡೆಮಾಂಡ್ಟ್, ಅದುವರೆಗೆ ವಿದ್ವಾಂಸರು ಮುಂದಿಟ್ಟ ಕಾರಣಗಳನ್ನೆಲ್ಲ 1984ರಲ್ಲಿ ಒಟ್ಟುಹಾಕಿದಾಗ 210 ಸಿಕ್ಕವು. ಸೀಸದ ಕೊಳವೆಯ ನೀರಿನಿಂದ ಹಿಡಿದು ಸ್ನಾನಗೃಹದ ಚಟದ ತನಕ ಎಲ್ಲವೂ ಆ ಪಟ್ಟಿಯಲ್ಲಿವೆ. ನಮ್ಮಲ್ಲಿ ಇದಕ್ಕೆ ತದ್ವಿರುದ್ಧ. ರಾಷ್ಟ್ರಕೂಟರು, ಕಲ್ಯಾಣದ ಚಾಲುಕ್ಯರು, ಕಳಚುರಿಗಳು, ಸೇವುಣರು, ಬಹಮನಿಗಳು, ಆದಿಲ್‌ಶಾಹಿಗಳು ಯಾರೇ ಇರಲಿ, ಶಾಲಾ ಪುಸ್ತಕದ ಕೊನೆಯ ಸಾಲು ಒಂದೇ: ದುರ್ಬಲ ಉತ್ತರಾಧಿಕಾರಿಗಳಿಂದಾಗಿ ಸಾಮ್ರಾಜ್ಯ ಅವನತಿ ಹೊಂದಿತು. ಅಷ್ಟಕ್ಕೇ ಗಂಟೆ ಹೊಡೆಯುತ್ತದೆ.

ದುರ್ಬಲ ಮಗ ಎಲ್ಲ ಮನೆತನದಲ್ಲೂ ಹುಟ್ಟುತ್ತಾನೆ. ಅಂಥವನು ಪಟ್ಟದಲ್ಲಿದ್ದಾಗಲೂ ಎಷ್ಟೋ ರಾಜ್ಯಗಳು ನಡೆದುಕೊಂಡು ಹೋಗಿವೆ. ಕೇಳಬೇಕಾದದ್ದು ಬೇರೆ: ಅವನು ದುರ್ಬಲನಾದ ಹೊತ್ತಿಗೆ ಬಲ ಯಾರ ಕೈಯಲ್ಲಿತ್ತು? ಬಲ ಹಿಡಿದವನಿಗೆ ಅದನ್ನು ಕೊಟ್ಟವರು ಯಾರು? ಈ ಪ್ರಶ್ನೆ ಹಿಡಿದು ಹೊರಟರೆ ಕರ್ನಾಟಕದಲ್ಲಿ ಮತ್ತೆ ಮತ್ತೆ ಕಾಲು ಬಂದು ನಿಲ್ಲುವುದು ಒಂದೇ ಸೀಮೆಯಲ್ಲಿ. ಭೀಮೆಯ ದಂಡೆಯ ಅಗರಖೇಡದಿಂದ ಕೃಷ್ಣೆಯ ದಂಡೆಯ ತಂಗಡಗಿಯ ವರೆಗೆ, ಇಂದಿನ ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳಗಳು ಸೇರಿದ ನೆಲವದು. ಇದರ ಬಹುಭಾಗವನ್ನು ಶಾಸನಗಳು ತರ್ದವಾಡಿ ಸಾವಿರ ಎನ್ನುತ್ತವೆ. ಅದಕ್ಕೆ ಆ ಹೆಸರು ಕೊಟ್ಟ ಊರು ಹಳೆಯ ಇಂಡಿ ತಾಲ್ಲೂಕಿನ ತದ್ದೇವಾಡಿ. ಈಗ ಅದು ಭೀಮೆಯ ಕಡೆಯ ಒಂದು ಹಳ್ಳಿ, ಅಷ್ಟೇ. ಹೊರಗಿನವರಿಗೆ ಭೀಮಾತೀರವೆಂದರೆ ಸಿನಿಮಾದಲ್ಲಿ ಕಂಡ ಬಂದೂಕು ನೆನಪಾಗುತ್ತದೆ. ಒಂದು ಕಾಲಕ್ಕೆ ಇಲ್ಲಿಂದ ಹೊರಟದ್ದು ಚಕ್ರವರ್ತಿಗಳು.

ರೋಮ್ ಈ ನಾಡಿಗೆ ತೀರ ಅಪರಿಚಿತವೂ ಅಲ್ಲ. ಭೀಮೆಯ ಕೆಳದಂಡೆಯ ಸನ್ನತಿಯಲ್ಲಿ ಸಾತವಾಹನರ ಸ್ತೂಪ ಮೇಲೇಳುತ್ತಿದ್ದ ಶತಮಾನಗಳಲ್ಲೇ ಉತ್ತರಕ್ಕೆ ತೇರ್ ಪಟ್ಟಣದ ಬಟ್ಟೆ ಪಶ್ಚಿಮ ಕರಾವಳಿಯ ಬಂದರುಗಳ ಮೂಲಕ ರೋಮಿನ ಹಡಗು ಏರುತ್ತಿತ್ತು. ಗ್ರೀಕ್ ನಾವಿಕನೊಬ್ಬನ ಕೈಪಿಡಿ ಆ ಊರನ್ನು ತಗರ ಎಂದು ಹೆಸರಿಸಿದೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಬೆಂಗಳೂರಿನ ಯಶವಂತಪುರದಲ್ಲೂ ರೋಮನ್ ಬೆಳ್ಳಿ ನಾಣ್ಯ ಸಿಕ್ಕಿವೆ. ಬಂದದ್ದು ಹಣ, ಹೋದದ್ದು ಸರಕು. ರಾಜ್ಯ ಕಟ್ಟುವ ರೀತಿ ಮಾತ್ರ ಆಚೆಯಿಂದ ಈಚೆಗೆ ಬರಲಿಲ್ಲ. ಎರಡೂ ಕಡೆ ಒಂದೇ ತೊಡಕು ಎದುರಾಯಿತು, ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಬಗೆಯ ಪರಿಹಾರ ಹುಡುಕಿದರು.

ದೂರದ ಗಡಿ ಕಾಯಲು ಸೈನ್ಯ ಬೇಕು, ಸೈನ್ಯಕ್ಕೆ ಅನ್ನ ಬೇಕು. ರೋಮಿನಲ್ಲಿ ಸಿಪಾಯಿಗೆ ಬೆಳ್ಳಿ ನಾಣ್ಯದಲ್ಲಿ ಸಂಬಳ ಸಿಗುತ್ತಿತ್ತು. ಹಾಗಿದ್ದೂ ಕ್ರಿ.ಪೂ. 49ರಲ್ಲಿ ಗಾಲ್ ಪ್ರಾಂತದ ಸೈನ್ಯ ತನ್ನ ಅಧಿಪತಿ ಸೀಸರನ ಬೆನ್ನಿಗೆ ರೂಬಿಕಾನ್ ಹೊಳೆ ದಾಟಿತೇ ಹೊರತು ರೋಮಿನ ಸೆನೆಟ್ಟಿನ ಮಾತು ಕೇಳಲಿಲ್ಲ. ಮುಂದೆ ಗಣರಾಜ್ಯ ಉಳಿಯಲಿಲ್ಲ. ಮೂರನೆಯ ಶತಮಾನದ ನಡುಭಾಗ ಕಳೆಯುತ್ತಿದ್ದಂತೆ ನಾಣ್ಯದೊಳಗಿನ ಬೆಳ್ಳಿ ನೂರಕ್ಕೆ ಐದು ಪಾಲಿಗಿಂತ ಕೆಳಗಿಳಿಯಿತು. ಸಂಬಳಕ್ಕೆ ಬೆಲೆ ಹೋದಾಗ ಸೈನ್ಯದ ನಿಷ್ಠೆ ಹತ್ತಿರದಲ್ಲೇ ಧಾನ್ಯ ಕೊಡಿಸಬಲ್ಲ ದಂಡನಾಯಕನ ಕಡೆಗೆ ವಾಲಿತು. 235ರಿಂದ 284ರ ವರೆಗಿನ ಐವತ್ತು ವರ್ಷಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಚಕ್ರವರ್ತಿಗಳಾದರು, ಅವರಲ್ಲಿ ಹಾಸಿಗೆಯ ಮೇಲೆ ಸತ್ತವರು ಬೆರಳೆಣಿಕೆ.

ನಮ್ಮಲ್ಲಿ ಧಾನ್ಯವೇ ಮೊದಲಿನಿಂದಲೂ ಸಂಬಳ. ಎರೆಭೂಮಿಯ ಬಿಳಿಜೋಳ ರಾಜಧಾನಿಯ ತನಕ ಗಾಡಿಯಲ್ಲಿ ಹೋಗುವಷ್ಟರಲ್ಲಿ ಎತ್ತುಗಳೇ ಅರ್ಧ ತಿಂದು ಮುಗಿಸುತ್ತವೆ. ಆದ್ದರಿಂದ ಜೋಳವನ್ನು ಸೈನ್ಯದ ಕಡೆ ಸಾಗಿಸುವ ಬದಲು ಸೈನ್ಯವನ್ನೇ ಜೋಳ ಬೆಳೆಯುವಲ್ಲಿ ಕೂರಿಸಿದರು. ಒಂದು ನಾಡನ್ನು ಒಬ್ಬ ನಂಬಿಕಸ್ಥನಿಗೆ ಒಪ್ಪಿಸುವುದು, ಅದರ ಉತ್ಪನ್ನ ಅವನದು, ಕರೆದಾಗ ಆನೆ ಕುದುರೆ ಕಾಲಾಳು ತರುವುದು ಅವನ ಪಾಲಿನ ಕೆಲಸ. ಡೋಣಿ ಹೊಳೆಯ ಬಗ್ಗೆ, ಡೋಣಿ ಹರಿದರೆ ಓಣಿಯೆಲ್ಲ ಕಾಳು ಎಂದು ಇಂದಿಗೂ ಹೇಳುವ ಸೀಮೆಯಿದು. ಹೀಗೆ ಬೆಳೆಯುವ ನೆಲ ಯಾರ ಕೈಗೆ ಸಿಕ್ಕಿತೋ ಅವನಿಗೆ ಕುದುರೆ ಸಾಕುವ ಚಿಂತೆಯಿರಲಿಲ್ಲ.

ಈ ಏರ್ಪಾಟು ಒಬ್ಬನನ್ನು ಎಷ್ಟು ಬೇಗ ಮೇಲೆತ್ತುತ್ತದೆ ಎಂಬುದಕ್ಕೆ ಎರಡು ಕಲ್ಲುಗಳ ಸಾಕ್ಷ್ಯವಿದೆ. ಬಿಜಾಪುರ ಬಳಿಯ ಕಾರಜೋಳದ 957ರ ಶಾಸನದಲ್ಲಿ ತೈಲಪರಸನೆಂಬವನು ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಕೈಕೆಳಗಿನ ಒಬ್ಬ ಅಧಿಕಾರಿ, ದೊಡ್ಡ ಬಿರುದುಬಾವಲಿ ಏನೂ ಇಲ್ಲ. ಬಾಗೇವಾಡಿ ತಾಲ್ಲೂಕಿನ ನರಸಲಗಿಯ 965ರ ಶಾಸನಕ್ಕೆ ಬರುವಷ್ಟರಲ್ಲಿ ಅವನೇ ಮಹಾಸಾಮಂತಾಧಿಪತಿ, ಆಹವಮಲ್ಲ, ಸತ್ಯಾಶ್ರಯ ಕುಲದವನು, ಅಂದರೆ ಚಾಲುಕ್ಯ. ತರ್ದವಾಡಿ ಸಾವಿರವನ್ನು ಕೃಷ್ಣ ಅವನಿಗೆ ಅಣುಗಜೀವಿತವಾಗಿ ಕೊಟ್ಟಿದ್ದಾನೆ. ಅಣುಗಜೀವಿತವೆಂದರೆ ಒಡೆಯ ಪ್ರೀತಿಯಿಂದ ಬಿಟ್ಟುಕೊಟ್ಟ ಉಂಬಳಿ. ಎಂಟೇ ವರ್ಷದಲ್ಲಿ ಈ ಬಡ್ತಿ. ಇನ್ನೆಂಟು ವರ್ಷ ಕಳೆದರೆ ಅದೇ ತೈಲಪ ರಾಷ್ಟ್ರಕೂಟರ ಗದ್ದುಗೆಯ ಮೇಲಿದ್ದ.

ನಡುವೆ ಏನಾಯಿತು? ಮೂರನೆಯ ಕೃಷ್ಣ ಸೋಲು ಕಂಡವನಲ್ಲ. 949ರಲ್ಲಿ ತಕ್ಕೋಲದಲ್ಲಿ ಚೋಳರನ್ನು ಮುರಿದವನು, ತಮಿಳುನಾಡಿನ ಉತ್ತರದವರೆಗೆ ಅಧಿಕಾರ ಚಾಚಿದವನು. ಗೆದ್ದಷ್ಟೂ ನೆಲ ಹಂಚಲೇಬೇಕಾಯಿತು, ಹಂಚಿದಷ್ಟೂ ರಾಜಧಾನಿ ಮಾನ್ಯಖೇಟದ (ಇಂದಿನ ಮಳಖೇಡದ) ಕೈಯಲ್ಲಿ ಉಳಿದದ್ದು ಕಡಿಮೆಯಾಯಿತು. ಅವನ ಬಳಿಕ ಬಂದ ಖೊಟ್ಟಿಗನ ಕಾಲಕ್ಕೆ, 972ರಲ್ಲಿ, ಮಾಳವದ ಪರಮಾರ ಸೀಯಕ ಮಾನ್ಯಖೇಟಕ್ಕೇ ನುಗ್ಗಿ ಕೊಳ್ಳೆ ಹೊಡೆದ. ಧನಪಾಲನೆಂಬ ಕವಿ ತನ್ನ ಪ್ರಾಕೃತ ನಿಘಂಟಿನಲ್ಲಿ ಇದನ್ನೇ ಕಾಲ ಗುರುತಿಸಲು ಬಳಸಿಕೊಂಡ ಕಾರಣ ನಮಗೆ ವರ್ಷ ಸರಿಯಾಗಿ ಗೊತ್ತು. ಮಳಖೇಡದ ಲೂಟಿಯನ್ನು 410ರ ರೋಮ್ ಲೂಟಿಯ ಪಕ್ಕದಲ್ಲಿ ಇಟ್ಟು ನೋಡಬೇಕು. ಹೊರಗಿನವನು ಬಂದ, ದೋಚಿದ, ಹೋದ. ಗದ್ದುಗೆ ಅವನಿಗೆ ಬೇಕಿರಲಿಲ್ಲ. ಮರುವರ್ಷ ಎರಡನೆಯ ಕರ್ಕನನ್ನು ಇಳಿಸಿ ಅದರ ಮೇಲೆ ಕುಳಿತವನು ತರ್ದವಾಡಿಯ ಮಾಂಡಲಿಕ, ರಾಷ್ಟ್ರಕೂಟ ರಕ್ತದ ಜಾಕಬ್ಬೆಯನ್ನೇ ಕೈಹಿಡಿದ ಅಳಿಯ. ರೋಮನ್ನು ದೋಚಿದ ಅಲಾರಿಕ್ ಕೂಡ ಕಾಡಿನಿಂದ ಎದ್ದುಬಂದವನೇನಲ್ಲ. ರೋಮನ್ ಸೈನ್ಯದ ದೊಡ್ಡ ಹುದ್ದೆಯನ್ನೇ ಹೊಂದಿದ್ದವನು, ಬಾಕಿಯ ಲೆಕ್ಕ ಚುಕ್ತಾ ಆಗದ್ದಕ್ಕೆ ಸಿಟ್ಟಾದವನು. ಬೇಲಿಯೇ ಎದ್ದು ಹೊಲ ಮೇಯ್ದ ಕಥೆ ಎರಡು ಕಡೆಗೂ ಸಲ್ಲುತ್ತದೆ.

ಹಳೆಯ ರಾಜನಿಷ್ಠೆ ಒಮ್ಮೆಲೇ ಸತ್ತಿರಲಿಲ್ಲ. ಗಂಗರ ಮಾರಸಿಂಹ ತನ್ನ ಸೋದರಳಿಯ ನಾಲ್ಕನೆಯ ಇಂದ್ರನಿಗೆ ಪಟ್ಟ ಕಟ್ಟಿ ರಾಷ್ಟ್ರಕೂಟ ವಂಶವನ್ನು ಉಳಿಸಲು ನೋಡಿದ. ಆಗಲಿಲ್ಲ. ಮಾರಸಿಂಹ ಬಂಕಾಪುರದಲ್ಲಿ ಸಲ್ಲೇಖನದಿಂದ ದೇಹ ಬಿಟ್ಟ, 982ರಲ್ಲಿ ಇಂದ್ರ ಶ್ರವಣಬೆಳಗೊಳದಲ್ಲಿ ಅದೇ ವ್ರತ ಹಿಡಿದ. ಒಂದು ಸಾಮ್ರಾಜ್ಯದ ಕೊನೆಯ ವಾರಸುದಾರ ಅನ್ನ ನೀರು ಬಿಟ್ಟು ಮೆಲ್ಲಗೆ ಹೊರಟುಹೋದ ಉದಾಹರಣೆ ರೋಮಿನ ಇತಿಹಾಸದಲ್ಲಿ ನನಗೆ ಕಂಡಿಲ್ಲ.

ಇಷ್ಟೆಲ್ಲ ನಡೆಯುವಾಗ ಊರುಗಳಲ್ಲಿ ಏನಾಗುತ್ತಿತ್ತು? ರೋಮಿನ ವಿಷಯದಲ್ಲಿ ಈ ಜಗಳ ಇನ್ನೂ ಹರಿದಿಲ್ಲ. ಇತಿಹಾಸಕಾರ ಪೀಟರ್ ಬ್ರೌನ್ ಅವರ ಜಾಡಿನಲ್ಲಿ ನಡೆದವರು ಬಿದ್ದದ್ದು ಸಿಂಹಾಸನ ಮಾತ್ರ, ಬದುಕು ಬೇರೆ ರೂಪ ತಳೆದು ಮುಂದುವರಿಯಿತು ಎನ್ನುತ್ತಾರೆ. ಬ್ರಯನ್ ವಾರ್ಡ್ ಪರ್ಕಿನ್ಸ್ ಒಪ್ಪುವುದಿಲ್ಲ. ಒಳ್ಳೆಯ ಮಡಕೆ, ಹಂಚಿನ ಮಾಡು, ಸಣ್ಣ ನಾಣ್ಯ ಇವೆಲ್ಲ ರೈತನ ಮನೆಯಿಂದಲೇ ಮಾಯವಾದವು, ಅದನ್ನು ಪತನವೆನ್ನದೆ ಏನೆನ್ನಬೇಕು ಎಂದು ಅವರ ಪ್ರಶ್ನೆ. ಪಶ್ಚಿಮ ಯುರೋಪಿನ ಮಟ್ಟಿಗೆ ಅವರ ಮಾತಿಗೆ ತೂಕವಿದೆ ಎಂದೇ ನನ್ನ ಅನಿಸಿಕೆ. ಆದರೆ ತರ್ದವಾಡಿಯ ಮಟ್ಟಿಗೆ ಸಾಕ್ಷ್ಯ ಬೇರೆ ದಿಕ್ಕು ತೋರಿಸುತ್ತದೆ.

ಇಂಡಿಯ ಹತ್ತಿರದ ಸಾಲೋಟಗಿಯ ಕಂಬ ಶಾಸನವನ್ನೇ ನೋಡಿ. ಊರಿನ ಹಳೆಯ ಹೆಸರು ಪಾವಿಟ್ಟಗೆ. 945ರಲ್ಲಿ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಇಲ್ಲಿ ತ್ರಯೀಪುರುಷರ ಗುಡಿಯೊಂದಿಗೆ ಒಂದು ಶಾಲೆ ಕಟ್ಟಿಸಿದ. ಬೇರೆ ಬೇರೆ ನಾಡುಗಳಿಂದ ಓದಲು ಬಂದ ವಿದ್ಯಾರ್ಥಿಗಳಿಗೆಂದು 27 ಮನೆಗಳಿದ್ದವು. ಅಧ್ಯಾಪಕನ ಜೀವನಕ್ಕೆ ಹೊಲ, ದೀಪದ ಎಣ್ಣೆಗೆ ಬೇರೆ ಹೊಲ, ಹೂದೋಟಕ್ಕೆ ಇನ್ನಷ್ಟು. ಎಲ್ಲಕ್ಕಿಂತ ಸೊಗಸಾದದ್ದು ಊರವರು ಹೊತ್ತ ಪಾಲು: ಮನೆಯಲ್ಲಿ ಮದುವೆಯಾದರೆ ಶಾಲೆಗೆ 5 ನಾಣ್ಯ, ಮುಂಜಿಯಾದರೆ ಎರಡೂವರೆ, ಚೌಲವಾದರೆ ಒಂದೂಕಾಲು. ಮಂತ್ರಿಯ ದಾನ ಒಂದು ಸಲದ್ದು. ಮದುವೆ ಮುಂಜಿ ವರ್ಷ ವರ್ಷವೂ ಬರುವಂಥವು. ಮಳಖೇಡ ಲೂಟಿಯಾದ ವರ್ಷವೂ ಪಾವಿಟ್ಟಗೆಯಲ್ಲಿ ಯಾರದೋ ಮದುವೆ ಆಗಿಯೇ ಇರುತ್ತದೆ. ಸಾಮ್ರಾಜ್ಯ ಬದಲಾದ ಮೇಲೆ, 11ನೆಯ ಶತಮಾನದಲ್ಲಿ, ಶಾಲೆಯ ಕಟ್ಟಡ ಕುಸಿಯಿತು. ಅದನ್ನು ಮತ್ತೆ ಎಬ್ಬಿಸಿ ನಿಲ್ಲಿಸಿದವನು ಒಬ್ಬ ಸ್ಥಳೀಯ ಮಾಂಡಲಿಕ. ಗದ್ದುಗೆ ಕಿತ್ತುಕೊಳ್ಳುವವನೂ ಮಾಂಡಲಿಕನೇ, ಬಿದ್ದ ಗೋಡೆ ಕಟ್ಟುವವನೂ ಮಾಂಡಲಿಕನೇ. ಈ ವ್ಯವಸ್ಥೆಯನ್ನು ಬರೀ ಬೈದು ಮುಗಿಸಲು ಬರುವುದಿಲ್ಲ.

ತೈಲಪ ಕಟ್ಟಿದ ಚಾಲುಕ್ಯ ರಾಜ್ಯಕ್ಕೆ ಹೊರಗಿನ ಪೆಟ್ಟು ಕಡಿಮೆಯೇನೂ ಬೀಳಲಿಲ್ಲ. ಹಾವೇರಿ ಜಿಲ್ಲೆಯ ಹೊಟ್ಟೂರಿನ 1007ರ ಶಾಸನ ಚೋಳರ ರಾಜೇಂದ್ರ ಒಂಬತ್ತು ಲಕ್ಷ ಸೈನ್ಯದೊಡನೆ ಬಂದು ದೋನವೂರಿನಲ್ಲಿ ಬೀಡುಬಿಟ್ಟು ನಾಡನ್ನು ಸುಟ್ಟು, ಹೆಂಗಸರು ಮಕ್ಕಳೆನ್ನದೆ ಕೊಂದನೆಂದು ಹೇಳುತ್ತದೆ. ಆ ದೋನವೂರು ಬಾಗೇವಾಡಿ ಸೀಮೆಯ ಡೋಣೂರು ಎಂದು ವಿದ್ವಾಂಸರು ಗುರುತಿಸಿದ್ದಾರೆ. ಒಂಬತ್ತು ಲಕ್ಷವೆಂಬುದು ನೊಂದವರ ಲೆಕ್ಕ, ಸೈನ್ಯದ ಲೆಕ್ಕವಲ್ಲ, ಆದರೆ ನೋವು ಸುಳ್ಳಲ್ಲ. ಆಮೇಲೆ ಚೋಳರ ರಾಜಾಧಿರಾಜ ಚಾಲುಕ್ಯರ ರಾಜಧಾನಿ ಕಲ್ಯಾಣವನ್ನೇ ಸುಟ್ಟು ಅಲ್ಲಿಯ ದ್ವಾರಪಾಲಕನ ವಿಗ್ರಹವನ್ನು ತಮಿಳುನಾಡಿಗೆ ಹೊತ್ತೊಯ್ದ. ತಂದದ್ದು ಎಲ್ಲಿಂದ ಎಂದು ಅದರ ಪೀಠದ ಮೇಲೆ ಕೆತ್ತಿಸಿದ್ದಾನೆ, ಅದು ಇಂದಿಗೂ ಅಲ್ಲೇ ಇದೆ. ರಾಜಧಾನಿ ಸುಟ್ಟಿತು, ಬಾಗಿಲ ಕಾವಲಿನ ದೇವರೇ ಹೋದ. ಚಾಲುಕ್ಯ ರಾಜ್ಯ ಹೋಯಿತೇ? ಇಲ್ಲ, ಇನ್ನೂ ನೂರಕ್ಕೂ ಹೆಚ್ಚು ವರ್ಷ ಬಾಳಿತು. ಅದರ ಅತ್ಯಂತ ವೈಭವದ ದಿನಗಳು ಬಂದದ್ದು ಆ ಬೆಂಕಿಯ ಬಳಿಕವೇ.

ಆ ವೈಭವ 1076ರಲ್ಲಿ ಅಣ್ಣ ಎರಡನೆಯ ಸೋಮೇಶ್ವರನನ್ನು ಇಳಿಸಿ ಪಟ್ಟವೇರಿದ ಆರನೆಯ ವಿಕ್ರಮಾದಿತ್ಯನದು. ಐವತ್ತು ವರ್ಷದ ಆಳ್ವಿಕೆ, ತನ್ನದೇ ಒಂದು ಶಕೆ, ಆಸ್ಥಾನದಲ್ಲಿ ಕಾಶ್ಮೀರದ ಬಿಲ್ಹಣ, ಮಿತಾಕ್ಷರ ಬರೆದ ವಿಜ್ಞಾನೇಶ್ವರ. ಈ ದೊಡ್ಡ ಸಾಮ್ರಾಜ್ಯವನ್ನು ಕಾಯುವಲ್ಲಿ ಚಾಲುಕ್ಯರಿಗೆ ಒಂದು ಉಪಾಯ ಗೊತ್ತಿತ್ತು. ನಾಡುಗಳನ್ನು ಆದಷ್ಟು ಮನೆಯವರ ಕೈಯಲ್ಲೇ ಇಡುವುದು, ಹೆಂಗಸರ ಕೈಗೂ ಕೊಡುವುದು. ಎರಡನೆಯ ಜಯಸಿಂಹನ ಅಕ್ಕ ಅಕ್ಕಾದೇವಿ ಕಿಸುಕಾಡನ್ನು ಆಳಿದ್ದಲ್ಲದೆ ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿಸಿದವಳು. ರಾಣಿಗೆ ನಾಡು ಕೊಟ್ಟರೆ ಅವಳು ಹೊಸ ವಂಶ ಹೂಡಲಾರಳು ಎಂಬ ಲೆಕ್ಕವೂ ಇದರ ಹಿಂದೆ ಇದ್ದೀತು. ಆದರೆ ಗಂಡು ಮನೆತನಗಳು ಬೇರೆಯೇ ದಾರಿ ಹಿಡಿದವು. ಉತ್ತರಕ್ಕೆ ಸೇವುಣರು, ಪೂರ್ವಕ್ಕೆ ಕಾಕತೀಯರು, ದಕ್ಷಿಣಕ್ಕೆ ಹೊಯ್ಸಳರು ಮೊಮ್ಮಕ್ಕಳ ಕಾಲಕ್ಕೂ ಅದೇ ನಾಡಿನಲ್ಲಿ ಬೇರೂರಿದರು. ಭೀಮೆಯ ಮೇಲ್ದಂಡೆಯ ಮಂಗಳವೇಡೆಯಲ್ಲಿ ಕಳಚುರಿಗಳು ಇದ್ದರು.

ಕಳಚುರಿಗಳು ಸಾಮ್ರಾಜ್ಯದ ಬೀಗರೇ. ತೈಲಪನ ತಾಯಿ ಬೊಂತಾದೇವಿ ಚೇದಿಯ ಕಳಚುರಿ ಮಗಳು, ಮುಂದೆ ಚಾಲುಕ್ಯ ಹೆಣ್ಣು ಮಂಗಳವೇಡೆಗೂ ಬಂದಳು. ಎರಡನೆಯ ಬಿಜ್ಜಳ ವಿಕ್ರಮಾದಿತ್ಯನ ಮಗಳ ಮಗ ಎಂದು ಹೇಳುವುದುಂಟು. ಅವನ ಕೈಗೆ ಬಂದ ನಾಡುಗಳಲ್ಲಿ ಕರಹಾಡ ನಾಲ್ಕು ಸಾವಿರದ ಜೊತೆಗೆ ಇನ್ನೊಂದಿತ್ತು: ತರ್ದವಾಡಿ ಸಾವಿರ. ಇನ್ನೂರು ವರ್ಷದ ಹಿಂದೆ ತಮ್ಮ ಮೂಲಪುರುಷ ಯಾವ ನೆಲದ ಮೇಲೆ ನಿಂತು ಯಜಮಾನನನ್ನು ಇಳಿಸಿದನೋ ಅದೇ ನೆಲವನ್ನು ಚಾಲುಕ್ಯರು ಇನ್ನೊಬ್ಬ ಮಾಂಡಲಿಕನಿಗೆ ಒಪ್ಪಿಸಿದರು. ಕಲ್ಲಿನ ಮೇಲೆ ಬರೆಸಿಟ್ಟಿದ್ದರೂ ಯಾರೂ ಓದಿಕೊಳ್ಳಲಿಲ್ಲ ಎನ್ನಬೇಕೋ, ಬೇರೆ ಗತಿಯೇ ಇರಲಿಲ್ಲ ಎನ್ನಬೇಕೋ. ನನಗೆ ಎರಡನೆಯದೇ ಸರಿ ಅನಿಸುತ್ತದೆ. ಕಾಕತೀಯ ಪ್ರೋಲ ಮೂರನೆಯ ತೈಲಪನನ್ನು ಹಿಡಿದು ಬಿಟ್ಟುಕಳಿಸುವಷ್ಟು ಕಲ್ಯಾಣ ಸೊರಗಿತ್ತು. ಬಿಜ್ಜಳನಂಥವನ ಸೈನ್ಯವಿಲ್ಲದೆ ಗಡಿ ಕಾಯುವುದು ಸಾಧ್ಯವಿರಲಿಲ್ಲ, ಅವನ ಸೈನ್ಯ ಇಟ್ಟುಕೊಂಡು ಗದ್ದುಗೆ ಕಾಯುವುದು ಅದಕ್ಕೂ ಕಷ್ಟವಾಯಿತು. 1157ರ ಹೊತ್ತಿಗೆ ಅಧಿಕಾರ ಅವನದಾಗಿತ್ತು, 1162ಕ್ಕೆ ಬಿರುದೂ ಅವನದೇ ಆಯಿತು.

ಮುಂದಿನ ಘಟನೆ ಕನ್ನಡಿಗರಿಗೆಲ್ಲ ಬಾಯಿಪಾಠ. ಬಾಗೇವಾಡಿಯ ಮಾದರಸನ ಮಗ ಬಸವಣ್ಣ ಬಿಜ್ಜಳನ ಭಂಡಾರಿಯಾದದ್ದು, ಕಲ್ಯಾಣದ ಶರಣರು, ವರ್ಣ ಮೀರಿದ ಮದುವೆ, ಎಳೆಹೂಟೆ, ಬಿಜ್ಜಳನ ಸಾವು. ಹುಕ್ಕೇರಿ ಬಳಿಯ ಅರ್ಜುನವಾಡದ 1260ರ ಶಾಸನ ಬಸವಣ್ಣನವರನ್ನು ಹೆಸರಿಸುವಾಗ ಬಾಗೇವಾಡಿ ತರ್ದವಾಡಿಯ ನಡುವಣ ಊರೆಂದೇ ಹೇಳುತ್ತದೆ. ಅಲ್ಲಿಗೆ ಅರಸನನ್ನೂ ಆ ಅರಸೊತ್ತಿಗೆಯನ್ನು ಪ್ರಶ್ನಿಸಿದವರನ್ನೂ ಕೊಟ್ಟದ್ದು ಒಂದೇ ನಾಡು.

ಕಳಚುರಿ ರಾಜ್ಯ ಬಿದ್ದದ್ದು ಈ ಧಾರ್ಮಿಕ ಕ್ಷೋಭೆಯಿಂದ ಎಂಬ ಮಾತನ್ನು ಪುರಾಣಗಳೂ ಹೇಳುತ್ತವೆ, ಕೆಲವು ಇತಿಹಾಸ ಪುಸ್ತಕಗಳೂ ಹೇಳುತ್ತವೆ. ಎಡ್ವರ್ಡ್ ಗಿಬ್ಬನ್ 1776ರಿಂದ 1788ರ ವರೆಗೆ ಹೊರತಂದ ತನ್ನ ದೊಡ್ಡ ಗ್ರಂಥದಲ್ಲಿ ಕ್ರೈಸ್ತಧರ್ಮದ ಮೇಲೆ ರೋಮಿನ ಪತನದ ಭಾರ ಹೊರಿಸಿದ್ದು ಇದೇ ಬಗೆಯದು. ಗಿಬ್ಬನ್‌ನ ವಿರುದ್ಧ ಬಹಳ ಹಿಂದೆಯೇ ಎತ್ತಿದ ಆಕ್ಷೇಪ ನೇರವಾಗಿದೆ: ಪೂರ್ವದ ರೋಮ್ ಇನ್ನೂ ಹೆಚ್ಚು ಕ್ರೈಸ್ತಮಯವಾಗಿತ್ತು, ಅದು 1453ರ ವರೆಗೆ ಬಾಳಿತು. ಕಳಚುರಿಗಳ ವಿಷಯದಲ್ಲೂ ಇಸವಿಗಳನ್ನು ಸಾಲಾಗಿ ಇಟ್ಟರೆ ಸಾಕು. ಬಿಜ್ಜಳ ಅಳಿದದ್ದು 1167-68ರ ಸುಮಾರು. ಹೇಗೆ ಅಳಿದ ಎಂಬುದನ್ನು ವೀರಶೈವ ಪುರಾಣಗಳು ಒಂದು ರೀತಿ, ಜೈನರ ಬಿಜ್ಜಳರಾಯ ಚರಿತೆ ಇನ್ನೊಂದು ರೀತಿ ಹೇಳುತ್ತವೆ. ಅವನ ಮಕ್ಕಳು ಸೋವಿದೇವ, ಸಂಕಮ, ಆಹವಮಲ್ಲ, ಸಿಂಘಣ ಒಬ್ಬರಾದ ಮೇಲೊಬ್ಬರು ಇನ್ನೂ ಹದಿನಾರು ವರ್ಷ ಆಳಿದರು. ಅವರ ಶಾಸನಗಳಲ್ಲಿ ತೆರಿಗೆ, ದಾನ, ದಂಡಯಾತ್ರೆಗಳ ಸುದ್ದಿ ಎಂದಿನಂತೆಯೇ ಇದೆ. ಕಲ್ಯಾಣದ ಬೀದಿಯಲ್ಲಿ ರಕ್ತ ಹರಿದಿರಬಹುದು, ಶರಣರು ಕೂಡಲಸಂಗಮ, ಉಳವಿಗಳ ಕಡೆ ಚದುರಿರಬಹುದು. ರಾಜ್ಯವನ್ನು ಕೆಡವಿದ್ದು ಬೇರೆ ಕೈ. ಕಳಚುರಿಗಳದೇ ದಂಡನಾಯಕ ಬ್ರಹ್ಮ 1184ರ ಸುಮಾರಿಗೆ ಪಕ್ಷ ಬದಲಿಸಿ ಚಾಲುಕ್ಯರ ನಾಲ್ಕನೆಯ ಸೋಮೇಶ್ವರನನ್ನು ತಂದು ಕೂರಿಸಿದ, ಚಾಲುಕ್ಯ ರಾಜ್ಯವನ್ನು ಮತ್ತೆ ಸ್ಥಾಪಿಸಿದವನೆಂಬ ಹೆಸರನ್ನೂ ಗಳಿಸಿದ. ಬಸವಣ್ಣನವರು ಕೆಡವಲು ನೋಡಿದ್ದು ಇದಕ್ಕಿಂತ ಗಟ್ಟಿಯಾದದ್ದನ್ನು, ಅದು ಇಂದಿಗೂ ಪೂರ್ತಿ ಬಿದ್ದಿಲ್ಲ. ಒಂದು ಅರಸು ಮನೆತನ ಬಿದ್ದದ್ದನ್ನು ಅವರ ಲೆಕ್ಕಕ್ಕೆ ಹಾಕಿದರೆ ಅವರ ಕೆಲಸವನ್ನು ಸಣ್ಣದು ಮಾಡಿದಂತಾಗುತ್ತದೆ.

ಸೋಮೇಶ್ವರನ ಗದ್ದುಗೆ ಆರೇಳು ವರ್ಷವೂ ನಿಲ್ಲಲಿಲ್ಲ. ಹಳೆಯ ಮಾಂಡಲಿಕರಾದ ಸೇವುಣ ಭಿಲ್ಲಮ ಉತ್ತರದಿಂದ, ಹೊಯ್ಸಳ ಎರಡನೆಯ ಬಲ್ಲಾಳ ದಕ್ಷಿಣದಿಂದ ನುಗ್ಗಿ ಸಾಮ್ರಾಜ್ಯವನ್ನು ಹಂಚಿಕೊಂಡರು, ಹಂಚಿಕೆಯ ಜಗಳಕ್ಕೆ ಗದಗ ಬಳಿಯ ಸೊರಟೂರಿನಲ್ಲಿ ಕಾದಿದರು. ಭೀಮೆಯ ದಂಡೆ ಸೇವುಣರ ಪಾಲಿಗೆ ಬಂತು. ಬಾಗೇವಾಡಿ ಸೀಮೆಯ ಮುತ್ತಗಿಯಲ್ಲಿ 1189ರಷ್ಟು ಹೊತ್ತಿಗೇ ಭಿಲ್ಲಮನ ಶಾಸನ ಕಾಣಿಸುತ್ತದೆ. ಪಕ್ಕದ ಮನಗೂಳಿಯಲ್ಲಿ ಬಿಜ್ಜಳನ ಕಾಲದ ದಾನಶಾಸನವೂ ಇದೆ, ಭಿಲ್ಲಮನ ಮಗ ಜೈತುಗಿಯ ಕಾಲದ್ದೂ ಇದೆ. ಅರಸರು ಬದಲಾದರೂ ಅಗ್ರಹಾರದ ಮಹಾಜನರು, ಗಾವುಂಡರು, ಸೆಟ್ಟಿಗಳು ದಾನಪತ್ರದಲ್ಲಿ ಮೊದಲಿನಂತೆಯೇ ಸಾಲಾಗಿ ನಿಂತಿದ್ದಾರೆ.

ಸೇವುಣರ ಅಂತ್ಯಕ್ಕೆ ಮಾತ್ರ ನನ್ನ ಈ ಮಾಂಡಲಿಕ ಸೂತ್ರ ಒಗ್ಗುವುದಿಲ್ಲ. 1296ರಲ್ಲಿ ಉತ್ತರದಿಂದ ಅಲಾವುದ್ದೀನ್ ಖಿಲ್ಜಿ ಅವರ ರಾಜಧಾನಿ ದೇವಗಿರಿಯ ಮೇಲೆ ಬಂದಾಗ ಒಳಗಿನವರು ಯಾರೂ ಗದ್ದುಗೆ ಕಸಿಯಲಿಲ್ಲ. ವೇಗದ ಕುದುರೆ ದಂಡು ವಿಂಧ್ಯವನ್ನು ದಾಟಿ ಹಠಾತ್ತನೆ ಎದುರು ನಿಂತಿತು, ದೇವಗಿರಿಯ ದೊಡ್ಡ ಸೈನ್ಯ ಬೇರೆ ಕಡೆ ಹೋಗಿತ್ತು. ಬಳಿಕ ಅವನ ಸೇನಾನಿ ಮಲಿಕ್ ಕಾಫೂರನ ದಂಡಯಾತ್ರೆ, ಆಮೇಲೆ 1318ರ ಕೊನೆಯ ಪೆಟ್ಟು. ಅದು ಹೊರಗಿನ ಬಲವೇ. ಇಲ್ಲಿ ಊರಿನ ಬದುಕಿಗೂ ಪೆಟ್ಟು ಬಿತ್ತು. ಅಗ್ರಹಾರಗಳ ಶಾಸನ ಪರಂಪರೆ 14ನೆಯ ಶತಮಾನದಲ್ಲಿ ತೆಳ್ಳಗಾಗುತ್ತ ಹೋಗುತ್ತದೆ. ಆ ಶತಮಾನದ ಕೊನೆಗೆ ಶುರುವಾಗಿ ಹನ್ನೆರಡು ವರ್ಷ ಕಾಡಿತೆಂದು ಜನ ನೆನೆಯುವ ದುರ್ಗಾದೇವಿ ಬರ ಇದೇ ಸೀಮೆಯನ್ನು ಹಿಂಡಿತು. ಅರಸು ಬದಲಾದರೆ ಹಳ್ಳಿ ತಡೆದುಕೊಳ್ಳುತ್ತದೆ, ಮಳೆ ಕೈಕೊಟ್ಟರೆ ತಡೆಯದು.

ಬಹಮನಿಗಳು ಬಂದ ಮೇಲೆ ಹೆಸರು ಬದಲಾಯಿತು. ಮಾಂಡಲಿಕನ ಜಾಗದಲ್ಲಿ ತರಫ್‌ದಾರ, ನಾಡಿನ ಜಾಗದಲ್ಲಿ ತರಫ್. ಈ ಸರಣಿಯಲ್ಲಿ ರೋಗವನ್ನು ಸರಿಯಾಗಿ ಗುರುತಿಸಿದ ಒಬ್ಬನೇ ಒಬ್ಬ ಮನುಷ್ಯ ಬೀದರದ ವಜೀರ ಮಹಮೂದ್ ಗವಾನ್. ನಾಲ್ಕು ದೊಡ್ಡ ತರಫ್‌ಗಳನ್ನು ಅವನು ಎಂಟು ಮಾಡಿದ, ಪ್ರತಿ ತರಫ್‌ದಾರನ ಕೈಯಲ್ಲಿ ಒಂದೇ ಕೋಟೆ ಬಿಟ್ಟು ಉಳಿದವನ್ನು ಸುಲ್ತಾನನ ನೇರ ವಶಕ್ಕೆ ತಂದ. ಡಯೊಕ್ಲೀಷಿಯನ್ ಮೂರನೆಯ ಶತಮಾನದ ಕೊನೆಗೆ ರೋಮನ್ ಪ್ರಾಂತಗಳನ್ನು ಒಡೆದು ಸುಮಾರು ದುಪ್ಪಟ್ಟು ಮಾಡಿದ್ದು, ಸೈನ್ಯದ ಅಧಿಕಾರ ಮತ್ತು ಕಂದಾಯದ ಅಧಿಕಾರ ಒಬ್ಬನಲ್ಲೇ ಸೇರದಂತೆ ನೋಡಿಕೊಂಡದ್ದು ಇದೇ ಬುದ್ಧಿಯಿಂದ. ಡಯೊಕ್ಲೀಷಿಯನ್ ಚಕ್ರವರ್ತಿ, ಬೆನ್ನಿಗೆ ಸೈನ್ಯವಿತ್ತು, ಕ್ರಮ ನಾಟಿಕೊಂಡಿತು. ಗವಾನ್ ಹೊರದೇಶದಿಂದ ಬಂದ ಮಂತ್ರಿ. ಅಧಿಕಾರ ಕಳೆದುಕೊಂಡವರು ಸುಳ್ಳು ಪತ್ರ ಹುಟ್ಟಿಸಿದರು, 1481ರಲ್ಲಿ ಸುಲ್ತಾನ ಅವನ ತಲೆ ತೆಗೆಸಿದ. ಒಂಬತ್ತು ವರ್ಷ ಕಳೆಯುವುದರೊಳಗೆ ಬಿಜಾಪುರದ ತರಫ್‌ದಾರ ಯೂಸುಫ್ ಆದಿಲ್ ಖಾನ್ ಸ್ವತಂತ್ರನಾದ. 1490. ತರ್ದವಾಡಿಯ ನೆಲ ಮೂರನೆಯ ಬಾರಿಗೆ ಯಜಮಾನನನ್ನು ಮೀರಿಸಿದವನ ಕೈಯಲ್ಲಿತ್ತು.

ಅವನ ಮೊಮ್ಮಗನ ಮಗ ಮೊದಲನೆಯ ಅಲಿ ಇತರ ಸುಲ್ತಾನರ ಜೊತೆ ಸೇರಿ 1565ರ ಜನವರಿ 23ರಂದು ವಿಜಯನಗರದ ಅಳಿಯ ರಾಮರಾಯನನ್ನು ಎದುರಿಸಿದ. ತಾಳಿಕೋಟೆ ಕದನವೆಂದು ಕರೆದರೂ ಸುಲ್ತಾನರ ದಂಡು ಬೀಡುಬಿಟ್ಟದ್ದಷ್ಟೇ ತಾಳಿಕೋಟೆಯಲ್ಲಿ. ಕಾಳಗದ ಹೆಸರನ್ನು ಮುದ್ದೇಬಿಹಾಳ ಕಡೆಯ ಕೃಷ್ಣಾತೀರದ ರಕ್ಕಸಗಿ, ತಂಗಡಗಿಗಳ ಜೊತೆ ಸೇರಿಸಿ ರಕ್ಕಸತಂಗಡಿ ಎನ್ನುವುದೂ ಇದೆ. ಎರಡು ವರ್ಷದ ಬಳಿಕ ವಿಜಯನಗರಕ್ಕೆ ಬಂದ ವೆನಿಸ್ಸಿನ ವ್ಯಾಪಾರಿ ಸೀಸರ್ ಫ್ರೆಡರಿಕ್, ರಾಮರಾಯನ ಸೈನ್ಯದಲ್ಲಿದ್ದ ಇಬ್ಬರು ಸರದಾರರು ನಡುವೆಯೇ ತಿರುಗಿಬಿದ್ದರೆಂದು ಬರೆದಿದ್ದಾನೆ. ಇದು ಪೂರ್ತಿ ನಿಜವೋ ಸೋತವರ ಸಮಾಧಾನವೋ, ಇತಿಹಾಸಕಾರರು ಇನ್ನೂ ವಾದಿಸುತ್ತಿದ್ದಾರೆ. ಆದರೆ ಸೋಲಿನ ಮರುದಿನದಿಂದ ಏನಾಯಿತೆಂಬುದರಲ್ಲಿ ವಾದವಿಲ್ಲ. ಮೈಸೂರು, ಕೆಳದಿ, ಮಧುರೆ, ತಂಜಾವೂರುಗಳ ನಾಯಕರು, ಒಡೆಯರು ಒಬ್ಬೊಬ್ಬರಾಗಿ ತಮ್ಮ ಪಾಡಿಗೆ ತಾವಾದರು. ವಿಜಯನಗರವನ್ನು ಸೋಲಿಸಿದ್ದು ರಕ್ಕಸಗಿಯ ಬಯಲು, ಮತ್ತೆ ಏಳದಂತೆ ಮಾಡಿದ್ದು ಅದರದೇ ನಾಯಕರು.

ಬಿಜಾಪುರಕ್ಕೂ ಅದೇ ಗತಿ ಬಂತು, ಸ್ವಲ್ಪ ತಡವಾಗಿ. ಮುಹಮ್ಮದ್ ಆದಿಲ್ ಶಾಹನ ಕಾಲಕ್ಕೆ ದಂಡನಾಯಕ ರಣದುಲ್ಲಾಖಾನ ದಕ್ಷಿಣಕ್ಕೆ ನುಗ್ಗಿದ, 1638ರಲ್ಲಿ ಬೆಂಗಳೂರು ಮರಾಠಾ ಸರದಾರ ಶಹಾಜಿಗೆ ಜಹಗೀರಾಗಿ ಸಿಕ್ಕಿತು. 1656ರಲ್ಲಿ ಸತ್ತ ಸುಲ್ತಾನನ ಮೇಲೆ ನಿಂತಿರುವ ಗೋಳಗುಮ್ಮಟದ ಒಳವ್ಯಾಸ ಸುಮಾರು 38 ಮೀಟರು, ರೋಮಿನ ಪ್ಯಾಂಥಿಯನ್ನಿನ ಗುಮ್ಮಟ ಅದಕ್ಕಿಂತ ಐದು ಮೀಟರಷ್ಟು ದೊಡ್ಡದು. ಆ ಗುಮ್ಮಟದ ಕೆಲಸ ನಡೆದಿದ್ದಾಗಲೇ ಶಹಾಜಿಯ ಮಗ ಶಿವಾಜಿ ತೋರಣಾ ಕೋಟೆ ಹಿಡಿದಿದ್ದ. ಆದಿಲ್‌ಶಾಹಿಯ ಜಹಗೀರುದಾರನ ಮಗ ಅದರದೇ ಕೋಟೆಗಳಿಂದ ರಾಜ್ಯ ಕಟ್ಟಿದ, ಅವನನ್ನು ಅಡಗಿಸಲು ಹೋದ ಅಫ್ಜಲ್‌ಖಾನ 1659ರಲ್ಲಿ ಪ್ರತಾಪಗಡದ ಬುಡದಲ್ಲಿ ಸತ್ತ. ಎರಡನೆಯ ಅಲಿಯ ಸಮಾಧಿ ಬಾರಾ ಕಮಾನು ಇಂದಿಗೂ ಅರೆಬರೆ: ಕರಿಗಲ್ಲಿನ ಕಮಾನುಗಳು ಎದ್ದಿವೆ, ಮೇಲೆ ಮಾಡಿಲ್ಲ, ಒಳಗೆ ಗೋರಿ ಬಿಸಿಲಿಗೆ ಬಿದ್ದಿದೆ. 1672ರಲ್ಲಿ ಅವನು ಸತ್ತಾಗ ಮಗ ಸಿಕಂದರನಿಗೆ ನಾಲ್ಕೈದು ವರ್ಷ. ಹಬ್ಶಿ ಸರದಾರರು, ಪಠಾಣ ಬಹಲೋಲಖಾನ, ದಖನಿಗಳು ಎಲ್ಲರೂ ಮಗುವಿನ ಹೆಸರಿನಲ್ಲಿ ಆಳಲು ಬಡಿದಾಡಿದರು. 1686ರ ಸೆಪ್ಟೆಂಬರಿನಲ್ಲಿ ಔರಂಗಜೇಬ ಒಳಗೆ ಬಂದಾಗ ಅವನು ಗೆದ್ದದ್ದು ಬರೀ ಗೋಡೆಗಳನ್ನು.

ಗೆದ್ದವನಿಗೂ ಈ ಸೀಮೆ ಸುಖ ಕೊಡಲಿಲ್ಲ. ಪ್ಲೇಗು ಬಂದು ಬಿಜಾಪುರವನ್ನು ಬರಿದು ಮಾಡಿತು. 1695ರಿಂದ 1699ರ ವರೆಗೆ ಔರಂಗಜೇಬನ ಬೀಡು ಭೀಮೆಯ ದಂಡೆಯ ಬ್ರಹ್ಮಪುರಿಯಲ್ಲಿ, ಕಳಚುರಿಗಳ ಮಂಗಳವೇಡೆಗೆ ಕೂಗಳತೆಯಲ್ಲಿ. ಹಿಂದುಸ್ಥಾನದ ಚಕ್ರವರ್ತಿ ನಾಲ್ಕು ವರ್ಷ ಹೊಳೆ ನೋಡುತ್ತ ಡೇರೆಯಲ್ಲಿ ಕುಳಿತ. ಮರಾಠರ ಬೆನ್ನು ಹತ್ತಿದ ಸರದಾರರಿಗೆ ಕೊಡಲು ಜಹಗೀರುಗಳೇ ಸಾಲದಾದವು. ಹುದ್ದೆ ಹೆಚ್ಚು, ನೆಲ ಕಡಿಮೆ. ಕೊಟ್ಟ ಜಹಗೀರಿನಿಂದ ಕಂದಾಯ ಹುಟ್ಟದಿದ್ದಾಗ ಸರದಾರನಿಗೆ ದಿಲ್ಲಿಯ ಹಂಗೇಕೆ? 1724ರಲ್ಲಿ ದಖನ್ನಿನ ಸುಭೇದಾರ ನಿಜಾಮ್ ಉಲ್ ಮುಲ್ಕ್ ಬಾದಶಹನೇ ಎತ್ತಿಕಟ್ಟಿದ ಎದುರಾಳಿಯನ್ನು ಶಕರಖೇಡದಲ್ಲಿ ಸೋಲಿಸಿ ತನ್ನ ಮನೆತನ ಊರಿದ. 1760ರಲ್ಲಿ ಬಿಜಾಪುರ ಪೇಶ್ವೆಗಳಿಗೆ ಹೋಯಿತು. ಅವರೂ ಸಾತಾರದ ಛತ್ರಪತಿಯ ಪ್ರಧಾನಿಗಳಾಗಿ ಶುರು ಮಾಡಿ ಒಡೆಯನನ್ನೇ ಮೂಲೆಗೆ ಕೂರಿಸಿದವರು. ಅವರ ಬಳಿಕ ಇಂಗ್ಲಿಷರು.

ಸ್ವಾತಂತ್ರ್ಯ ಬರುವಾಗ ಇಂಡಿ, ಸಿಂದಗಿಗಳು ಮುಂಬೈ ಪ್ರಾಂತದಲ್ಲಿದ್ದವು. ಪೂರ್ವಕ್ಕೆ ಅಫ್ಜಲಪುರದ ಕಡೆ 1724ರಲ್ಲಿ ಸಿಡಿದು ಬೇರೆಯಾದ ಸುಭೇದಾರನ ವಂಶದವರ ಹೈದರಾಬಾದ್ ಸಂಸ್ಥಾನ, ಉತ್ತರಕ್ಕೆ ಹೊಳೆಯಾಚೆ ಮರಾಠಾ ಸರದಾರ ಫತ್ತೇಸಿಂಗನ ಮನೆತನದ ಅಕ್ಕಲಕೋಟೆ ಸಂಸ್ಥಾನ. ಅಗರಖೇಡದ ಸೀಮೆಯವರು ಸಂತೆಗೆ, ಬೀಗತನಕ್ಕೆ ಆಚೆ ಹೋದರೆ ಬೇರೆ ಸರ್ಕಾರ, ಬೇರೆ ಕಾಯ್ದೆ. ಹೈದರಾಬಾದು 1948ರ ಸೆಪ್ಟೆಂಬರಿನಲ್ಲಿ ಭಾರತಕ್ಕೆ ಸೇರಿತು. 1956ರ ನವೆಂಬರ್ 1ರಂದು ಇಂಡಿಯೂ ಅಫ್ಜಲಪುರವೂ ಒಂದೇ ರಾಜ್ಯಕ್ಕೆ ಬಂದವು, ಅಕ್ಕಲಕೋಟೆ ಹೊಳೆಯ ಆಚೆಯೇ ಉಳಿಯಿತು.